ಕಿವಿಗೊಂದು ಲೆಕ್ಕ, ಕಾಲಿಗೊಂದು ಲೆಕ್ಕ. ಮನುಷ್ಯ ಒಬ್ಬನೇ ಅಲ್ಲವೇ?

ಕೆಲಸದ ನಿಮಿತ್ತ ತಾಂಡೂರಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಚಾಚಾ ಇದ್ದರು. ಆಯುಷ್ಯದ ಬಹುಪಾಲನ್ನು ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಯಂತ್ರಗಳ ಪಕ್ಕದಲ್ಲೇ ಕಳೆದವರು. ಆ ಸದ್ದಿಗೆ ಎರಡೂ ಕಿವಿ ಮಂದವಾಗಿದ್ದವು. ಧೂಳಿನಿಂದ ದಮ್ಮು. ಮೇಲಿಂದ ಸಕ್ಕರೆ ಕಾಯಿಲೆ. ಚಪ್ಪಡಿ ಬಿದ್ದು ಮುರಿದ ಕಾಲು ನೆಟ್ಟಗೆ ಕೂಡಿಕೊಳ್ಳದೆ ಕುಂಟುತ್ತಿದ್ದರು.

ಅಂಗವಿಕಲರ ಪ್ರಮಾಣಪತ್ರದ ಶಿಬಿರಕ್ಕೆ ಚೀಲದ ತುಂಬ ಕಾಗದ ಹೊತ್ತುಕೊಂಡು ಹೋದರು. ಬಿಪಿ, ಸಕ್ಕರೆ, ಎಕ್ಸ್‌ರೇ ಎಲ್ಲವೂ ಅದರಲ್ಲಿದ್ದವು. ಅರ್ಜಿಯಲ್ಲಿ ಮಾತ್ರ ಕಿವಿ ಎಂದಷ್ಟೇ ಬರೆದಿತ್ತು. ಕಿವಿಗೆ ಸಿಕ್ಕಿದ್ದು ಶೇಕಡಾ 30. ಬೇಕಾದದ್ದು 40. ಅದನ್ನು ತೆಲುಗಿನಲ್ಲಿ ಹೇಳಿ ಕಳಿಸಿದರು. ಚಾಚಾಗೆ ಕೇಳಿಸಲಿಲ್ಲ. ಕಾರ್ಡು ಅಂಚೆಯಲ್ಲಿ ಬರುತ್ತದೆಂದು ತಿಂಗಳುಗಟ್ಟಲೆ ಕಾದರು.

ಕಿವಿ ಮಂದವಾದವರು ಮನೆಯಲ್ಲಿ ಹೇಗೆ ನಿಭಾಯಿಸುತ್ತಾರೆಂದು ನಮಗೆಲ್ಲ ಗೊತ್ತು. ಅರ್ಧ ಕೇಳಿಸಿಕೊಂಡು, ಅರ್ಧ ತುಟಿ ನೋಡಿ ಊಹಿಸುತ್ತಾರೆ. ಆ ಊಹೆ ನಡೆಯುವುದು ತಮ್ಮ ಭಾಷೆಯಲ್ಲಿ ಮಾತ್ರ. ಜಹೀರಾಬಾದ್ ಮತ್ತು ನಾರಾಯಣಖೇಡ್ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾದಲ್ಲಿತ್ತು. ಗಡಿ ಸರಿದರೂ ಅಲ್ಲಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವಿದೆ, ದಖನಿ ಉರ್ದು ಇದೆ. ಅಂಥ ಮನೆಯ ಹಿರಿಯರಿಗೆ ತೆಲುಗಿನಲ್ಲಿ ಒಮ್ಮೆ ಹೇಳಿ ಕಳಿಸಿದರೆ, ಹೇಳಿಯೂ ಹೇಳದ ಹಾಗೆ.

ಈಗ ಲೆಕ್ಕಕ್ಕೆ ಬರೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಶ್ರವಣದೋಷ ಅದರಲ್ಲಿದೆ, ಚಲನವೈಕಲ್ಯವೂ ಇದೆ. ಸಕ್ಕರೆ ಕಾಯಿಲೆ, ಬಿಪಿ, ದಮ್ಮು ಇಲ್ಲ. ಆದ್ದರಿಂದ ಆ ಕಾಗದಗಳ ಕಟ್ಟು ಎಷ್ಟೇ ದಪ್ಪವಿದ್ದರೂ ಅಂಕ ಏರುವುದಿಲ್ಲ. ಇನ್ನು ಕಿವಿಯ ಲೆಕ್ಕ ಮಾಡುವಾಗ ಚೆನ್ನಾಗಿ ಕೇಳುವ ಕಿವಿಗೆ ಐದು ಪಾಲು, ಇನ್ನೊಂದಕ್ಕೆ ಒಂದೇ ಪಾಲು. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಸಿಗುವುದು ಸುಮಾರು ಶೇಕಡಾ 17 ಅಷ್ಟೇ.

ಆದರೆ ಪಟ್ಟಿಯಲ್ಲಿರುವ ಎರಡು ವೈಕಲ್ಯ ಒಬ್ಬರಿಗೇ ಇದ್ದರೆ ಎರಡನ್ನೂ ಕೂಡಿಸಲು ಮಾರ್ಗಸೂಚಿಯಲ್ಲಿ ಸೂತ್ರವಿದೆ. 90ರಿಂದ ದೊಡ್ಡ ಅಂಕವನ್ನು ಕಳೆಯಿರಿ. ಉಳಿದದ್ದನ್ನು ಸಣ್ಣ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಕ್ಕೆ ಸೇರಿಸಿ. ಚಾಚಾನ ಕಿವಿಗೆ 30 ಬಂದಿದೆ. ಕಾಲಿಗೆ 18 ಬಂದರೂ ಒಟ್ಟು 42 ಆಗುತ್ತದೆ, ಗೆರೆ ದಾಟುತ್ತದೆ. ಆದರೆ ಕಾಲನ್ನು ಯಾರೂ ಅಳೆಯಲೇ ಇಲ್ಲ. ಅರ್ಜಿ ತುಂಬಿದವರು ಕೇಳಲಿಲ್ಲ, ಚಾಚಾ ಹೇಳಲಿಲ್ಲ.

ಇದು ಸಣ್ಣ ವಿಷಯವಲ್ಲ. ತೆಲಂಗಾಣದ ಆಸರಾ ಯೋಜನೆಯಲ್ಲಿ ಅಂಗವಿಕಲರ ಪಿಂಚಣಿ 2023ರಲ್ಲಿ 3,016 ರೂಪಾಯಿಯಿಂದ 4,016ಕ್ಕೆ ಏರಿತು. ವೃದ್ಧರ ಪಿಂಚಣಿ 2,016ರಲ್ಲೇ ಉಳಿಯಿತು. ವೃದ್ಧರ ಪಿಂಚಣಿ ಪಡೆಯುವ ಬಡ ಮನೆಗೆ ತಿಂಗಳಿಗೆ ಎರಡು ಸಾವಿರದ ವ್ಯತ್ಯಾಸವೆಂದರೆ ಮಾತ್ರೆಯ ಖರ್ಚು.

ಎಲ್ಲ ಕಾಯಿಲೆಯನ್ನೂ ಸೇರಿಸುತ್ತ ಹೋದರೆ ನಿಜವಾದ ಅಂಗವಿಕಲರ ಪಾಲು ಕರಗುತ್ತದೆ ಎಂದು ಕೆಲವರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ 1995ರ ಕಾಯ್ದೆಯಲ್ಲಿ ಏಳೇ ಬಗೆಗಳಿದ್ದವು, 2016ರಲ್ಲಿ 21 ಆದವು. ಕೇಂದ್ರ ಸರಕಾರ ಅಧಿಸೂಚನೆಯ ಮೂಲಕ ಇನ್ನಷ್ಟು ಸೇರಿಸಬಹುದೆಂದು ಅದೇ ಪಟ್ಟಿಯ ಕೊನೆಯಲ್ಲಿ ಬರೆದಿದೆ. ಧೂಳಿನ ಕೆಲಸದಲ್ಲಿ ಉಸಿರು ಕಳೆದುಕೊಂಡವರನ್ನು ಸೇರಿಸಿ ಎಂದು ಕೇಳುವುದು ಅತಿಯಾಸೆಯಲ್ಲ. ಸದ್ದಿನಿಂದ ಬರುವ ಕಿವುಡು ಕೂಡ ನೌಕರರ ಪರಿಹಾರ ಕಾಯ್ದೆಯಲ್ಲಿ ಔದ್ಯೋಗಿಕ ರೋಗವೇ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ದಿನಗೂಲಿಯವರು ಅದನ್ನು ಯಾರ ಮುಂದೆ ಸಾಬೀತು ಮಾಡಬೇಕು?

ಕಾನೂನು ಬದಲಾಗುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಮನೆಗಳಲ್ಲೂ ಉಮ್ಮನಿಗೆ ಕಿವಿ ಕೇಳದಿದ್ದರೆ "ಪ್ರಾಯ ಆಯ್ತಲ್ಲ" ಎಂದು ಸುಮ್ಮನಾಗುತ್ತೇವೆ. ಮೊದಲು ಆಡಿಯೋಗ್ರಾಮ್ ಮಾಡಿಸಿ. ಪಟ್ಟಿಯಲ್ಲಿರುವ ಪ್ರತಿಯೊಂದು ತೊಂದರೆಯನ್ನೂ, ಅಂದರೆ ಕಣ್ಣು, ಕಾಲು, ಪಾರ್ಕಿನ್ಸನ್ಸ್, ಯಾವುದಿದ್ದರೂ ಅರ್ಜಿಯಲ್ಲೇ ಬರೆಸಿ. ಮಾತು ಕೇಳಿಸಿಕೊಳ್ಳಬಲ್ಲ ಒಬ್ಬರು ಜೊತೆಗೆ ಹೋಗಿ, ಫಲಿತಾಂಶವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಒಪ್ಪಿಗೆಯಾಗದಿದ್ದರೆ ಕಾಯ್ದೆಯ 59ನೇ ಕಲಂನಂತೆ ಮೇಲ್ಮನವಿಗೆ ಅವಕಾಶವಿದೆ. ಪರವೂರಿನಲ್ಲಿ ದುಡಿಯುವವರು ಇನ್ನೊಂದು ವಿಷಯ ನೆನಪಿಡಿ: ಯುಡಿಐಡಿ ಕಾರ್ಡು ದೇಶವಿಡೀ ನಡೆಯುತ್ತದೆ, ಪಿಂಚಣಿ ಮಾತ್ರ ಆಯಾ ರಾಜ್ಯದ್ದು.

ಜಮಾಅತ್‌ಗಳಲ್ಲಿ ರೇಷನ್ ಕಿಟ್ ಹಂಚಲು ಹುಡುಗರ ಕೊರತೆಯಿಲ್ಲ. ತಿಂಗಳಿಗೆ ಒಂದು ದಿನ ಅರ್ಜಿ ತುಂಬಿಸಲು ಇಬ್ಬರು ಕೂತರೆ ಸಾಕು. ಕಿಟ್ ಒಂದು ತಿಂಗಳಿಗೆ ಮುಗಿಯುತ್ತದೆ, ಪಿಂಚಣಿ ಪ್ರತಿ ತಿಂಗಳೂ ಬರುತ್ತದೆ.

ಚಾಚಾನ ಮರುಅರ್ಜಿಯಲ್ಲಿ ಕಿವಿ, ಕಾಲು ಎರಡನ್ನೂ ಬರೆಸಿದೆವು. ನಾನು ಊರಿಗೆ ಮರಳುವವರೆಗೂ ಶಿಬಿರದ ತಾರೀಕು ಬಂದಿರಲಿಲ್ಲ. ಈ ಸಲ ಜೊತೆಗೆ ಹೋಗುತ್ತೇನೆಂದು ಅವರ ಮೊಮ್ಮಗಳು ಮಾತು ಕೊಟ್ಟಿದ್ದಾಳೆ.