ಜಾಹೀರಾತಿಗೆ ಎಷ್ಟು ದುಡ್ಡು ಬೇಕು?

ಜೇನು, ಮುರುಗಲು, ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ಮಲೆನಾಡಿನ ಸಂಘಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ಕಂಪನಿಗಳಂತೆ ಜಾಹೀರಾತಿಗೆ ಲಕ್ಷಗಟ್ಟಲೆ ಸುರಿಯಲು ನಮ್ಮಿಂದಾಗದು, ಆದ್ದರಿಂದ ನಮ್ಮ ಸರಕು ಪಟ್ಟಣದಲ್ಲಿ ನಿಲ್ಲದು. ಸಾಲ ಮಾಡಿಯಾದರೂ ಫಲಕ ಹಾಕಿಸೋಣವೆನ್ನುವವರೂ ಇದ್ದಾರೆ. ಸಾಲವೆತ್ತುವ ಮುನ್ನ ಗುಜರಾತಿನ ಹಾಲು ಉತ್ಪಾದಕರ ಅನುಭವವನ್ನೊಮ್ಮೆ ನೋಡುವುದೊಳಿತು.

1946ರಲ್ಲಿ ಖೇಡಾ ಜಿಲ್ಲೆಯ ರೈತರು ಕಟ್ಟಿದ ಸಹಕಾರ ಒಕ್ಕೂಟದ ಬೆಣ್ಣೆ ಅಮುಲ್. ಮುಂಬಯಿಯ ಮನೆಗಳಲ್ಲಿ ಅದಕ್ಕೂ ಮೊದಲೇ ನೆಲೆಯೂರಿದ್ದುದು ಪಾಲ್ಸನ್ ಬೆಣ್ಣೆ. 1966ರಲ್ಲಿ ಅಮುಲ್ ಜಾಹೀರಾತಿನ ಹೊಣೆ ಸಿಲ್ವೆಸ್ಟರ್ ಡಕುನ್ಹಾ ಅವರ ಸಂಸ್ಥೆಗೆ ಬಂದಿತು. ಚುಕ್ಕೆ ಲಂಗದ ತುಂಟ ಹುಡುಗಿಯನ್ನು ಯೂಸ್ಟೇಸ್ ಫರ್ನಾಂಡಿಸ್ ಚಿತ್ರಿಸಿದರು. ಊರೆಲ್ಲ ಆಡಿಕೊಳ್ಳುತ್ತಿದ್ದ ಸುದ್ದಿಯ ಮೇಲೆ ಒಂದು ಚುಟುಕು ಮಾತು, ಒಂದು ಚಿತ್ರ, ಅಷ್ಟೇ. ಪ್ರತಿ ಫಲಕಕ್ಕೂ ಮುಂಗಡ ಒಪ್ಪಿಗೆ ಬೇಕಿಲ್ಲವೆಂದು ವರ್ಗೀಸ್ ಕುರಿಯನ್ ಬಿಟ್ಟುಕೊಟ್ಟರು. ನಮ್ಮ ದೃಷ್ಟಿಯಲ್ಲಿ ಅವರು ಹೂಡಿದ ದೊಡ್ಡ ಬಂಡವಾಳವೇ ಇದು. ಸುದ್ದಿ ಹಳಸುವ ಮುನ್ನ ಫಲಕ ಏರುವುದು ಇದರಿಂದ ಸಾಧ್ಯವಾಯಿತು. ಇಂದಿಗೂ ಅದೇ ಹುಡುಗಿ. ಆಗಾಗ ಹೊಸ ಮುಖ, ಹೊಸ ಘೋಷಣೆ ಹುಡುಕುವ ಕಂಪನಿಗಾದರೋ ಪರಿಚಯದ ಖರ್ಚು ಪ್ರತಿಬಾರಿಯೂ ಮೊದಲಿನಿಂದ ಬೀಳುತ್ತದೆ.

ಹಾಗೆಂದು ದುಡ್ಡೇ ಬೇಡವೆನ್ನಲಾಗದು. ಫಲಕಕ್ಕೆ ಬಾಡಿಗೆ ಉಂಟು. ಬೆಣ್ಣೆ ಅಂಗಡಿಯಲ್ಲಿ ಸಿಗುವಂತೆ ಮಾಡಿದ್ದೂ ಆ ಹುಡುಗಿಯಲ್ಲ. ಹಾಲು ಸಂಗ್ರಹ, ಶೈತ್ಯಾಗಾರ, ಸಾಗಣೆಗಳ ಏರ್ಪಾಡು. ದುಡ್ಡು ಒಂದು ಮಾತನ್ನು ಹೆಚ್ಚು ಕಿವಿಗಳಿಗೆ ಮುಟ್ಟಿಸಬಲ್ಲದು, ಆ ಮಾತನ್ನು ನಿಜ ಮಾಡಲಾರದು. 2000ನೇ ಇಸವಿಯಲ್ಲಿ ಬಿ.ಪಿ. ತೈಲ ಕಂಪನಿ ಹಸಿರು-ಹಳದಿ ಹೂವಿನಂತಹ ಲಾಂಛನ ತೊಟ್ಟು, ತಾನು ಪೆಟ್ರೋಲಿಯಮ್ಮಿನ ಆಚೆಗೆ ಸಾಗುತ್ತಿರುವುದಾಗಿ ಅಪಾರ ವೆಚ್ಚದಲ್ಲಿ ಸಾರಿತು. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಅದರ ತೈಲಬಾವಿ ಸಿಡಿದು 11 ಕಾರ್ಮಿಕರು ಸತ್ತರು; ತೈಲ ಸುಮಾರು ಮೂರು ತಿಂಗಳು ಸಮುದ್ರಕ್ಕೆ ಹರಿಯಿತು. ಅದೇ ಹೂವನ್ನು ಜನ ಎಣ್ಣೆಯಲ್ಲಿ ಅದ್ದಿದಂತೆ ಬರೆದು ಗೇಲಿ ಮಾಡಿದರು.

ಬಾಟಲಿಯಲ್ಲಿ ಜೇನು ಹುಳಿತರೆ ಆ ಸುದ್ದಿಯೂ ಯಾವ ಫಲಕಕ್ಕಿಂತ ಬೇಗ ಪೇಟೆಯನ್ನು ತಲುಪುತ್ತದೆ. ಆದ್ದರಿಂದ ಸಾಲದ ಹಣವಿದ್ದರೆ ಅದು ಮೊದಲು ಜೇನು ಸೋಸುವ, ತೇವಾಂಶ ಅಳೆಯುವ ಉಪಕರಣಗಳಿಗೆ ಹೋಗಲಿ. ಯಾವ ಕಾಡಿನದು, ಯಾವ ತಿಂಗಳಲ್ಲಿ ತೆಗೆದದ್ದು, ತುಡುವೆಯದೋ ಹೆಜ್ಜೇನಿನದೋ ಎಂದು ಚೀಟಿಯ ಮೇಲೆ ಬರೆಯಲು ಹೆಚ್ಚಿನ ಖರ್ಚೇನೂ ಇಲ್ಲ. ಒಕ್ಕಣೆಯನ್ನೂ ಚಿತ್ರವನ್ನೂ ನಮ್ಮ ಕಾಲೇಜು ವಿದ್ಯಾರ್ಥಿಗಳೇ ಮಾಡಿಕೊಡಬಲ್ಲರು. ಆ ಹೆಸರು, ಆ ಚಿತ್ರ ಕನಿಷ್ಠ ಐದು ವರ್ಷ ಬದಲಾಗದಿರಲಿ. ಫಲಕದ ವಿಷಯವನ್ನು ಆಮೇಲೆ ಸಭೆಯ ಮುಂದಿಡಬಹುದು.