ಪಕ್ಕೆಲುಬಿನ ಪೆಟ್ಟಿಗೆ ಬಟ್ಟೆ ಬಿಗಿಯಬೇಡಿ

ತೆಂಗಿನ ಮರದಿಂದ ಬಿದ್ದವರು, ಎತ್ತು ಹಾಯ್ದವರು, ಕಬ್ಬಿನ ಟ್ರೇಲರ್ ಮಗುಚಿ ಅಡಿಗೆ ಸಿಕ್ಕವರು ನಮ್ಮ ಮಳವಳ್ಳಿ, ಮದ್ದೂರು ಸೀಮೆಯಲ್ಲಿ ಅಪರೂಪವಲ್ಲ. ಕಾಲು ಮುರಿದರೆ ಆಸ್ಪತ್ರೆಗೆ ಓಡುವ ನಾವು, ಎದೆಗೆ ಪೆಟ್ಟಾದರೆ ಮಾತ್ರ ಪಂಚೆ ಬಿಗಿದು ಸುತ್ತಿ, ಎಣ್ಣೆ ತಿಕ್ಕಿ ಮನೆಯಲ್ಲೇ ಮಲಗಿಸುವುದುಂಟು. ಈ ಪದ್ಧತಿ ನಿಲ್ಲಬೇಕು.

ಪಕ್ಕೆಲುಬು ಮುರಿದವನು ನೋವಿಗೆ ಹೆದರಿ ಪೂರಾ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಒಳಗೇ ನಿಂತು ಶ್ವಾಸಕೋಶ ಮುದುಡುತ್ತದೆ, ನ್ಯುಮೋನಿಯಾ ಹಿಡಿಯುತ್ತದೆ. ಬಿಗಿದ ಬಟ್ಟೆ ಈ ಕೆಡುಕನ್ನು ಹೆಚ್ಚಿಸುತ್ತದೆ. ಮೊದಲ ದಿನ ಎದ್ದು ಕುಳಿತು ಕಾಫಿ ಕುಡಿದವನಿಗೆ ಮೂರನೆಯ ದಿನ ಏದುಸಿರು ಹತ್ತುವುದು ಹೀಗೆ. ವಯಸ್ಸಾದವರಿಗೂ ಬೀಡಿ ಸೇದುವವರಿಗೂ ಅಪಾಯ ಹೆಚ್ಚು.

ಇಂಥವರ ಉಸಿರು ಸೋತರೆ ಹಿಂದೆ ಬಹುಮಟ್ಟಿಗೆ ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಹಾಕುತ್ತಿದ್ದರು. ಆ ನಳಿಕೆಯೇ ಸೋಂಕಿಗೆ ದಾರಿಯಾಗುವುದೂ ಉಂಟು. ಈಗ ಇನ್ನೊಂದು ಉಪಾಯವಿದೆ. ಮೂಗು ಬಾಯಿ ಮುಚ್ಚುವ ಮಾಸ್ಕನ್ನು ಸೋರದಂತೆ ಕಟ್ಟಿ, ಆಮ್ಲಜನಕ ಬೆರೆತ ಗಾಳಿಯನ್ನು ಯಂತ್ರದಿಂದ ಒತ್ತಡದಲ್ಲಿ ಕೊಡುತ್ತಾರೆ. ಮುದುಡಿದ ಶ್ವಾಸಕೋಶ ಅರಳುತ್ತದೆ. ರೋಗಿ ಎಚ್ಚರವಾಗಿರುತ್ತಾನೆ, ನಡುವೆ ಮಾಸ್ಕ್ ತೆಗೆಸಿಕೊಂಡು ಮಾತಾಡಿಯಾನು. 2020-21ರ ಕೋವಿಡ್ ಕಾಲದಲ್ಲಿ ಇಂಥ ಮಾಸ್ಕನ್ನು ಹಲವರು ಕಂಡಿದ್ದೀರಿ. ಸ್ಪೇನಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಎದೆಗೆ ಪೆಟ್ಟಾಗಿ ಬರೀ ಆಮ್ಲಜನಕ ಪಡೆದ 25 ಮಂದಿಯಲ್ಲಿ 10 ಮಂದಿಗೆ ನಳಿಕೆ ಬೇಕಾಯಿತು. ಒತ್ತಡದ ಗಾಳಿ ಪಡೆದ 25 ಮಂದಿಯಲ್ಲಿ ಮೂವರಿಗೆ ಮಾತ್ರ. ಪರೀಕ್ಷೆ ಚಿಕ್ಕದು, ನಿಜ. ಆದರೂ ಗಮನಿಸತಕ್ಕದ್ದು.

ಎಲ್ಲರಿಗೂ ಇದು ಸಲ್ಲದು. ಪ್ರಜ್ಞೆ ತಪ್ಪಿದವರಿಗೆ, ವಾಂತಿಯಾಗುತ್ತಿರುವವರಿಗೆ, ಮುಖ ಜಜ್ಜಿದವರಿಗೆ ಹಾಕುವಂತಿಲ್ಲ. ಶ್ವಾಸಕೋಶದಿಂದ ಸೋರಿದ ಗಾಳಿ ಎದೆಗೂಡಿನಲ್ಲಿ ನಿಂತಿದ್ದರೆ ಮೊದಲು ಪಕ್ಕೆಗೆ ಕೊಳವೆ ಹಾಕಿ ಹೊರತೆಗೆಯಬೇಕು. ಇಲ್ಲವಾದರೆ ಒತ್ತಡದ ಗಾಳಿ ಪ್ರಾಣಕ್ಕೇ ಎರವಾದೀತು. ಆದ್ದರಿಂದಲೇ ಎಕ್ಸ್‌ರೇ ಆಗಬೇಕು. ನೋವು ತಗ್ಗಿಸದೆ ಯಂತ್ರವೊಂದರಿಂದಲೇ ಫಲವಿಲ್ಲ.

ಬ್ಲಫ್ ಸುತ್ತಿನ ಹಳ್ಳಿಯಿಂದ ಮಳವಳ್ಳಿಗೆ, ಅಲ್ಲಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅಮೂಲ್ಯ ಹೊತ್ತು ಕಳೆದಿರುತ್ತದೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಈ ಯಂತ್ರವಿರಬೇಕು, ರಾತ್ರಿಯಲ್ಲೂ ಅದನ್ನು ನಡೆಸಬಲ್ಲ ನರ್ಸ್ ಇರಬೇಕು, ಕರೆಂಟು ಕೈಕೊಡಬಾರದು ಎಂಬುದು ನನ್ನ ಆಗ್ರಹ. ಕವರು ಹೊದಿಸಿಟ್ಟ ಯಂತ್ರದಿಂದ ಯಾರಿಗೆ ಲಾಭ? 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಜಾಗದ ಜನ ಇಷ್ಟನ್ನು ಕೇಳುವುದು ದುಬಾರಿ ಬೇಡಿಕೆಯೇನಲ್ಲ. ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯವರನ್ನು ವಿಚಾರಿಸಿ.

ಪೆಟ್ಟಾದೊಡನೆ 108ಕ್ಕೆ ಫೋನು ಮಾಡಿ. ಬಿದ್ದವರ ಕತ್ತು, ಬೆನ್ನು ನೋಯುತ್ತಿದ್ದರೆ ಅಲುಗಿಸಬೇಡಿ. ಇಲ್ಲವಾದರೆ ಒರಗಿಸಿ ಕೂರಿಸಿ. ಆಸ್ಪತ್ರೆಯಿಂದ ಮನೆಗೆ ಕಳುಹಿಸಿದ ಮೇಲೂ ಏದುಸಿರು, ಜ್ವರ, ಕಫದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಮತ್ತೆ ಕರೆದೊಯ್ಯಿರಿ.