ಸಹೋದ್ಯೋಗಿಯೊಡನೆ ಕ್ರಿಸ್ತನ ಮಾತು: ಹಕ್ಕೋ, ಅಪರಾಧವೋ?

ಹಂಪಿ, ಕಡ್ಡಿರಾಂಪುರದ ಸುತ್ತಲಿನ ಹೋಟೆಲುಗಳಲ್ಲಿ, ಸಂಡೂರಿನ ಗಣಿಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನಾನಾ ಧರ್ಮದವರು ಜೊತೆಯಾಗಿ ದುಡಿಯುತ್ತಾರೆ. ಬುತ್ತಿ ಬಿಚ್ಚಿ ಕುಳಿತಾಗ ಮನೆಯ ಕಷ್ಟ, ಮಕ್ಕಳ ಓದು, ದೇವರು ದಿಂಡರು ಎಲ್ಲವೂ ಮಾತಿಗೆ ಬರುತ್ತವೆ. ಆಗ ಕ್ರೈಸ್ತ ನೌಕರನೊಬ್ಬ ತನ್ನ ನಂಬಿಕೆಯನ್ನು ಪಕ್ಕದವನಿಗೆ ಹೇಳಿದರೆ ಕಾನೂನು ಅದನ್ನು ಹೇಗೆ ಕಾಣುತ್ತದೆ?

ಸಂವಿಧಾನದ 25ನೇ ವಿಧಿಯು ಧರ್ಮವನ್ನು ಅನುಸರಿಸುವುದರ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಆದರೆ ಪ್ರಚಾರದ ಹಕ್ಕೆಂದರೆ ಮತ್ತೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವಿವಾದವೆಲ್ಲ ಇರುವುದು ಈ ಎರಡರ ನಡುವಿನ ತೆಳು ಗೆರೆಯಲ್ಲಿ.

ದೂರು ಕೊಡಬಲ್ಲ ಸಹೋದ್ಯೋಗಿ

2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಲವಂತ, ವಂಚನೆ, ಆಮಿಷಗಳ ಮೂಲಕ ನಡೆಯುವ ಮತಾಂತರವನ್ನು ನಿಷೇಧಿಸಿತು. ಶಿಕ್ಷೆ 3ರಿಂದ 5 ವರ್ಷ. ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಾದರೆ 10 ವರ್ಷದವರೆಗೆ. ಉದ್ಯೋಗದ ಭರವಸೆಯೂ ಆಮಿಷವೇ. ತಾನು ನಿರ್ದೋಷಿಯೆಂದು ಸಾಬೀತುಪಡಿಸುವ ಹೊಣೆಯೂ ಆರೋಪಿಯದೇ. ಗಮನಾರ್ಹ ಅಂಶವೆಂದರೆ, ದೂರು ನೀಡಬಲ್ಲವರ ಪಟ್ಟಿಯಲ್ಲಿ ತಂದೆತಾಯಿ, ಒಡಹುಟ್ಟಿದವರು, ಬಂಧುಗಳ ಜೊತೆಗೆ ಸಹೋದ್ಯೋಗಿಯೂ ಇದ್ದಾನೆ.

2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಈ ಕಾಯ್ದೆಯ ರದ್ದತಿಗೆ ನಿರ್ಧರಿಸಿತು. ಆದರೆ ಸಂಪುಟದ ನಿರ್ಧಾರವೊಂದರಿಂದಲೇ ಕಾಯ್ದೆ ಅಳಿಯದು. 2025ರ ಜುಲೈನಲ್ಲಿ ಇದೇ ಕಾಯ್ದೆಯಡಿಯ ಪ್ರಕರಣವೊಂದರಲ್ಲಿ ಹೈಕೋರ್ಟ್ ತೀರ್ಪಿತ್ತಿತು. ಜಮಖಂಡಿಯ ರಾಮತೀರ್ಥ ದೇವಸ್ಥಾನದ ಬಳಿ ಇಸ್ಲಾಂ ಕುರಿತ ಕರಪತ್ರ ಹಂಚಿದ ಆರೋಪ ಹೊತ್ತಿದ್ದ ಮೂವರ ವಿರುದ್ಧದ ಎಫ್‌ಐಆರ್ ರದ್ದಾಯಿತು. ಮತಾಂತರದ ಯತ್ನ ನಡೆದಿಲ್ಲ, ದೂರುದಾರನಿಗೆ ದೂರು ಕೊಡುವ ಅರ್ಹತೆಯೂ ಇಲ್ಲ ಎಂಬುದು ನ್ಯಾಯಾಲಯದ ನಿಲುವು.

ಈ ತೀರ್ಪಿನ ಮೊದಲ ಭಾಗ ನೌಕರನಿಗೂ ಆಸರೆ: ನಂಬಿಕೆಯನ್ನು ಹೇಳಿದ ಮಾತ್ರಕ್ಕೆ ಅಪರಾಧವಾಗದು. ಎರಡನೆಯ ಭಾಗದ ರಕ್ಷಣೆ ಮಾತ್ರ ಅವನಿಗೆ ಸುಲಭವಾಗಿ ದಕ್ಕದು. ದೇವಸ್ಥಾನದ ಬಳಿಯ ದೂರುದಾರ ಹೊರಗಿನವನು. ಕಾರ್ಖಾನೆಯಲ್ಲಿ ಪಕ್ಕ ನಿಂತವನು ಹಾಗಲ್ಲ.

ಕೇಳುವವನ ಕಷ್ಟ

ಕೇಳುವವನ ಪಾಡನ್ನೂ ನೋಡಬೇಕು. ಸರೀಕರು ಪರಸ್ಪರ ಆಡುವ ಮಾತಿಗೂ ಮೇಲಧಿಕಾರಿ ಕೈಕೆಳಗಿನವನಿಗೆ ಹೇಳುವ ಮಾತಿಗೂ ವ್ಯತ್ಯಾಸವಿದೆ. ಪಾಳಿ, ರಜೆ, ಬಡ್ತಿ ಯಾರ ಕೈಯಲ್ಲಿದೆಯೋ ಅವರ ಪ್ರಾರ್ಥನೆಯ ಆಹ್ವಾನಕ್ಕೆ 'ಒಲ್ಲೆ' ಎನ್ನುವುದು ಸುಲಭವಲ್ಲ. ಇನ್ನು 1950ರ ಆದೇಶ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತನಾಗುವ ದಲಿತ ನೌಕರನಿಗೆ ಅದು ಮೀಸಲಾತಿಯ ಪ್ರಶ್ನೆಯೂ ಹೌದು.

ಭಿನ್ನ ನಂಬಿಕೆಯವರು ಒಂದೇ ಕಡೆ ದುಡಿಯುವುದು ಈ ನೆಲಕ್ಕೆ ಹೊಸದಲ್ಲ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಹಂಪಿಯಲ್ಲಿ ಮಸೀದಿ ಕಟ್ಟಿಸಿದ. ಶಾಸನ ಅದನ್ನು ಧರ್ಮಶಾಲೆ ಎನ್ನುತ್ತದೆ. ಕಡ್ಡಿರಾಂಪುರದ ಹಳೆಯ ಗೋರಿಗಳೂ ಆ ಕಾಲದ ಸಾಕ್ಷಿಗಳು.

ಆಮಿಷ, ಬೆದರಿಕೆಗಳಿಗೆ ಕಾನೂನು ಇರಲಿ. ಆದರೆ ಗೆಳೆಯರ ಮಾತುಕತೆಗೂ ಪೊಲೀಸ್ ಠಾಣೆಯ ನೆರಳು ಬೀಳುವಂತಾದರೆ ಕೆಡುವುದು ಕೆಲಸದ ಜಾಗದ ವಿಶ್ವಾಸವೇ. ಹೇಳುವ ಸ್ವಾತಂತ್ರ್ಯ, ಬೇಡವೆನ್ನುವ ಸ್ವಾತಂತ್ರ್ಯ ಎರಡೂ ಒಟ್ಟಿಗೆ ಉಳಿಯಬೇಕು. ಕಾಯ್ದೆ ಇರಲಿ, ಹೋಗಲಿ, ಶಾಸಕಾಂಗ ಉತ್ತರಿಸಬೇಕಾದ ಪ್ರಶ್ನೆ ಇದೇ.